ಒಂದು ಗ್ರಾಂ ಒಡವೆ ಕಪ್ಪಾದರೆ ಏನು ಮಾಡೋದು?

ಪ್ರಶ್ನೆ: ಮೇಡಂ, ತಂಗಿ ಮದುವೆಗೆ ಅಂತ ಒಂದು ಗ್ರಾಂ ಗೋಲ್ಡಿನ ನೆಕ್ಲೇಸ್, ಜುಮುಕಿ ತಗೊಂಡಿದ್ದೆ. ಅವತ್ತು ರಾತ್ರಿಯೇ ಬಿಚ್ಚಿ ಅದರ ಡಬ್ಬಿಯಲ್ಲಿ ಎತ್ತಿಟ್ಟೆ. ಹಬ್ಬಕ್ಕೆ ತೆಗೆದರೆ ನೆಕ್ಲೇಸ್ ಕತ್ತಿನ ಹಿಂಭಾಗದಲ್ಲಿ ಕೆಂಪಗಾಗಿದೆ, ಜುಮುಕಿ ಕಪ್ಪಾಗಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಲಾ? – ಓದುಗರು, ದಾವಣಗೆರೆ

ಉತ್ತರ: ಬೇಡವೇ ಬೇಡ. ಟೂತ್‌ಪೇಸ್ಟ್‌ನಲ್ಲಿ ಹಲ್ಲಿನ ಕೊಳೆ ಕೆರೆಯೋಕೆ ಅಂತಲೇ ನುಣ್ಣನೆ ಪುಡಿ ಇರುತ್ತೆ, ಅದು ಕೊಳೆ ಜೊತೆಗೆ ಚಿನ್ನವನ್ನೂ ಕೆರೆಯುತ್ತೆ. ಇಂಥ ಒಡವೆಗಳ ಮೇಲಿನ ಚಿನ್ನದ ಪದರ ಎಷ್ಟೋ ಸಲ ಒಂದು ಮೈಕ್ರಾನ್ ದಪ್ಪವೂ ಇರಲ್ಲ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಹುಣಸೆಹಣ್ಣು, ನಿಂಬೆರಸವೂ ಬೇಡ, ಅವು ಹಿತ್ತಾಳೆ ಚೊಂಬಿಗೆ ಸರಿ.

ಚಿನ್ನ ಕಪ್ಪಾಗಲ್ಲ. ಕಪ್ಪಾಗೋದು ಅದರ ಕೆಳಗಿರುವ ತಾಮ್ರ, ಹಿತ್ತಾಳೆ. ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಬೆವರಿನ ಉಪ್ಪು ಅಲ್ಲಿಂದ ಒಳಗಿಳಿದು ಲೋಹವನ್ನು ತಿನ್ನುತ್ತೆ. ಮದುವೆ ದಿನ ನೆನಪಿಸಿಕೊಳ್ಳಿ: ರೇಷ್ಮೆ ಸೀರೆ, ಜನ, ಸೆಕೆ, ಕತ್ತಿನ ಹಿಂದೆ ಒದ್ದೆ ಮಲ್ಲಿಗೆ ದಂಡೆ, ಅದರ ಮೇಲೆ ಸೆಂಟು ಬೇರೆ. ಆ ಒದ್ದೆಯಲ್ಲೇ ಒಡವೆಯನ್ನು ವೆಲ್ವೆಟ್ ಡಬ್ಬಿಗೆ ಹಾಕಿ ಮುಚ್ಚಿದರೆ ತೇವ ಎಲ್ಲಿಗೆ ಹೋಗಬೇಕು ಹೇಳಿ!

ಜುಮುಕಿಯ ಕಪ್ಪು ಮೇಲ್ಮೇಲೆ ಇದ್ದರೆ, ಮೆತ್ತನೆ ಹತ್ತಿ ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ ಉಜ್ಜದೆ ಮೆಲ್ಲಗೆ ಒತ್ತಿ ಒತ್ತಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ. ನೀರಲ್ಲಿ ಮುಳುಗಿಸಬೇಡಿ, ಅಂಟಿಸಿದ ಕಲ್ಲು, ಮುತ್ತು ಎದ್ದು ಬರುತ್ತವೆ. ಕೆಂಪಗಾದ ಜಾಗದಲ್ಲಿ ಚಿನ್ನ ಸವೆದು ತಾಮ್ರ ಕಾಣ್ತಿದೆ, ಅದಕ್ಕೆ ಮತ್ತೆ ಚಿನ್ನದ ಪಾಲಿಶ್, ಅಂದರೆ ಹೊಸ ಪದರ, ಹಾಕಿಸೋದೊಂದೇ ದಾರಿ. ಕೂಲಿ ಎಷ್ಟು ಅಂತ ಮೊದಲೇ ಕೇಳಿ, ಸಣ್ಣ ಸರಕ್ಕೆ ಹೊಸದೇ ಅಗ್ಗವಾಗಬಹುದು.

ಮುಂದಿನ ಸಲ ಮೇಕಪ್, ಸೆಂಟು, ಹೇರ್ ಸ್ಪ್ರೇ ಎಲ್ಲ ಮುಗಿದು ಒಣಗಿದ ಮೇಲೆ ಕೊನೆಗೆ ಒಡವೆ ಹಾಕಿಕೊಳ್ಳಿ. ಬಿಚ್ಚಿದ ಮೇಲೆ ಕೊಕ್ಕೆ, ಸರಪಳಿ ಸಂದುಗಳನ್ನೂ ಒರೆಸಿ, ಸ್ವಲ್ಪ ಹೊತ್ತು ಫ್ಯಾನ್ ಕೆಳಗೆ ಹರಡಿ. ಆಮೇಲೆ ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಸುಮ್ನೆ ಎಸೀತೀವಲ್ಲ, ಅದನ್ನೂ ಒಂದು ಒಳಗಿಡಿ, ಮಕ್ಕಳ ಕೈಗೆ ಮಾತ್ರ ಸಿಗಬಾರದು. ಹತ್ತಿ ಉಂಡೆ ಬೇಡ, ಅದು ತೇವ ಹಿಡಿದಿಟ್ಟುಕೊಳ್ಳುತ್ತೆ.

ಪ್ರಶ್ನೆ: ದಿನಾ ಹಾಕುವ ಉಂಗುರದಿಂದ ಬೆರಳು ಹಸಿರಾಗುತ್ತೆ, ಈಗ ತುರಿಕೆಯೂ ಶುರುವಾಗಿದೆ. ಒಳಗಡೆ ನೇಲ್ ಪಾಲಿಶ್ ಹಚ್ಚಿದರೆ ಸಾಕಾ? – ಓದುಗರು, ಉಡುಪಿ

ಉತ್ತರ: ಹಸಿರು ತಾಮ್ರದ್ದು, ಸೋಪು ಹಾಕಿ ತೊಳೆದರೆ ಹೋಗುತ್ತೆ. ಬಣ್ಣವಿಲ್ಲದ ನೇಲ್ ಪಾಲಿಶ್ ಒಳಗಡೆ ಹಚ್ಚಿದರೆ ಕೆಲವು ದಿನ ತಡೆಯುತ್ತೆ, ಪಾತ್ರೆ ತೊಳೆಯುವ ಕೈಯಾದರೆ ಅದೂ ಬೇಗ ಏಳುತ್ತೆ. ಆದರೆ ತುರಿಕೆ ಬೇರೆ ವಿಷಯ. ಅದು ಹೆಚ್ಚಾಗಿ ಇಂಥ ಒಡವೆಗಳಲ್ಲಿ ಬೆರೆತಿರುವ ನಿಕ್ಕಲ್ ಅನ್ನೋ ಲೋಹದ ಅಲರ್ಜಿ. ಆ ಉಂಗುರ ಇವತ್ತೇ ತೆಗೆದಿಡಿ, ತುರಿಕೆ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.