ಲೋ ಮಾಡಿಸಿದ ಕಾರು ಕಂಡರೆ ಬೈಕ್ ಸವಾರರಿಗೆ ಯಾಕೆ ಸಿಟ್ಟು?

ರಸ್ತೆ ಮತ್ತು ಸವಾರಿ ಕುರಿತ ಓದುಗರ ಪ್ರಶ್ನೆಗಳಿಗೆ ಬೈಕ್ ಸವಾರಿ ತರಬೇತುದಾರರ ಉತ್ತರ

ಪ್ರಶ್ನೆ: ನನಗೆ 44 ವರ್ಷ. ಹಾಸನದಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ಇಪ್ಪತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ, ಬಿಡುವಾದಾಗಲೆಲ್ಲ ಸಕಲೇಶಪುರದ ಕಡೆ ಹೋಗಿಬರುತ್ತೇನೆ. ಲೋ ಮಾಡಿಸಿದ, ಅಂದರೆ ನೆಲಕ್ಕೆ ಅಂಟುವಂತೆ ಇಳಿಸಿದ, ಕಪ್ಪು ಗಾಜಿನ, ಸೈಲೆನ್ಸರ್ ಬದಲಿಸಿದ ಕಾರು ಕನ್ನಡಿಯಲ್ಲಿ ಕಂಡರೆ ಸಾಕು, ಹ್ಯಾಂಡಲ್ ಮೇಲಿನ ಹಿಡಿತ ಬಿಗಿಯಾಗುತ್ತದೆ. ಒಳಗಿರುವವನು ಅಪ್ಪನ ದುಡ್ಡಿನಲ್ಲಿ ಮೆರೆಯುವ ಹುಡುಗ, ಈಗ ಕಟ್ ಹೊಡೆಯುತ್ತಾನೆ ಎಂದು ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಈಗ ನನ್ನ ಅಕ್ಕನ ಮಗನೇ ತನ್ನ ಸ್ವಿಫ್ಟನ್ನು ಹಾಗೆ ಮಾಡಿಸಲು ಹೊರಟಿದ್ದಾನೆ. ಅವನು ಮಾತು, ನಡತೆ ಎರಡರಲ್ಲೂ ಒಳ್ಳೆಯ ಹುಡುಗ. ನನ್ನದು ಪೂರ್ವಗ್ರಹವೋ, ಅನುಭವದ ಎಚ್ಚರಿಕೆಯೋ?

ಉತ್ತರ: ಎರಡೂ ಇದೆ, ಮತ್ತು ಎರಡನ್ನೂ ಬಿಡಿಸಿ ನೋಡುವುದು ನಿಮ್ಮ ಜೀವದ ದೃಷ್ಟಿಯಿಂದಲೇ ಮುಖ್ಯ.

ಮೊದಲು ನಿಮ್ಮ ಭಯದ ಬಗ್ಗೆ. ಅದಕ್ಕೆ ನಾಚಿಕೆಪಡಬೇಕಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು. ಕಾರಿನವನಿಗೆ ಬಂಪರ್ ಗೀಚಿದರೆ ಮುಗಿಯುವ ತಪ್ಪಿಗೆ ನಾವು ಮೂಳೆ ಕೊಡಬೇಕಾಗುತ್ತದೆ. ಅಂಥವರು ಸುತ್ತಲಿನ ಪ್ರತಿ ವಾಹನವನ್ನೂ ಅಳೆದು ನೋಡುವುದು ಸಹಜ. ತೊಂದರೆ ಇರುವುದು ಅಳೆಯುವ ಕೋಲಿನಲ್ಲಿ.

ನನ್ನ ತರಬೇತಿಗೆ ಬರುವವರಿಗೆ ಮೊದಲ ದಿನವೇ ಒಂದು ಕೆಲಸ ಕೊಡುತ್ತೇನೆ. ಇತ್ತೀಚೆಗೆ ಕೂದಲೆಳೆಯಲ್ಲಿ ಪಾರಾದ ಮೂರು ಸಂದರ್ಭಗಳನ್ನು ಬರೆಯಿರಿ, ಅಡ್ಡ ಬಂದ ಗಾಡಿ ಯಾವುದೆಂದೂ ಬರೆಯಿರಿ ಎನ್ನುತ್ತೇನೆ. ಅಗಲ ಟೈರಿನ ಕೆಂಪು ಕಾರು, ಹಿಂದೆ ರೆಕ್ಕೆ ಇದ್ದ ಹೋಂಡಾ ಸಿಟಿ, ಇವೆಲ್ಲ ಬಣ್ಣಸಮೇತ ನೆನಪಿರುತ್ತವೆ. ಮಿಕ್ಕವುಗಳ ಮುಂದೆ ‘ಯಾವುದೋ ಬಿಳಿ ಕಾರು’ ಎಂದಿರುತ್ತದೆ, ಇಲ್ಲವೇ ಖಾಲಿ ಬಿಟ್ಟಿರುತ್ತಾರೆ. ಬಿಳಿ ಕಾರಿನವನು ಅಡ್ಡ ಬಂದರೆ ಅವನೊಬ್ಬನ ತಪ್ಪು, ರೆಕ್ಕೆಯ ಕಾರಿನವನು ಬಂದರೆ ‘ಈ ಹುಡುಗರೆಲ್ಲ ಹೀಗೇ’.

ಇದನ್ನು ಪ್ರಯೋಗ ಮಾಡಿ ತೋರಿಸಿದವರಿದ್ದಾರೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಎಂಬ ಮನಶ್ಶಾಸ್ತ್ರಜ್ಞರು ಎರಡು ಕಾಲ್ಪನಿಕ ಗುಂಪಿನವರ ಬಗ್ಗೆ 39 ವಾಕ್ಯಗಳನ್ನು ಜನರಿಗೆ ಓದಲು ಕೊಟ್ಟರು. ದೊಡ್ಡ ಗುಂಪಿನವರ 26 ನಡವಳಿಕೆಗಳಲ್ಲಿ 18 ಒಳ್ಳೆಯವು, 8 ಕೆಟ್ಟವು. ಚಿಕ್ಕ ಗುಂಪಿನವರ 13ರಲ್ಲಿ 9 ಒಳ್ಳೆಯವು, 4 ಕೆಟ್ಟವು. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಪ್ರಮಾಣ ಒಂದೇ. ಆದರೂ ಓದಿದವರು ಚಿಕ್ಕ ಗುಂಪಿನ ತಲೆಗೆ ಹೆಚ್ಚು ಕೆಟ್ಟದ್ದನ್ನು ಕಟ್ಟಿದರು. ಗುಂಪೂ ಅಪರೂಪ, ಕೆಟ್ಟ ನಡತೆಯೂ ಅಪರೂಪ. ಎರಡು ಅಪರೂಪಗಳು ಒಟ್ಟಿಗೆ ಬಂದರೆ ಮನಸ್ಸು ಗಂಟು ಹಾಕಿ ಇಟ್ಟುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಮಾಡಿಫೈ ಮಾಡಿಸಿದ ಕಾರು ಎಷ್ಟಕ್ಕೊಂದು ಸಿಗುತ್ತದೆ, ಯೋಚಿಸಿ. ಅದು ಒಮ್ಮೆ ಕಟ್ ಹೊಡೆದರೆ ಹತ್ತು ವರ್ಷ ಮರೆಯುವುದಿಲ್ಲ.

ಇನ್ನು ನಿಜವಾಗಿ ನಮಗೆ ಗುದ್ದುವವರು ಯಾರು? ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಭಾಗದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಹಳೆಯದಾದರೂ ಸವಾರಿ ಕಲಿಸುವವರು ಇಂದಿಗೂ ಅದನ್ನು ಕೈಬಿಟ್ಟಿಲ್ಲ. ಬೇರೆ ವಾಹನವೂ ಸೇರಿದ್ದ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಬೈಕಿಗೆ ದಾರಿ ಬಿಡಬೇಕಿದ್ದ ಇನ್ನೊಂದು ವಾಹನ ಬಿಡದೆ ನುಗ್ಗಿದ್ದರಿಂದ ಆದವು. ಮುಖ್ಯ ಕಾರಣ, ಆ ಚಾಲಕನಿಗೆ ಬೈಕ್ ಕಾಣಲೇ ಇಲ್ಲ, ಅಥವಾ ಕಂಡಾಗ ತಡವಾಗಿತ್ತು. ಹೆಚ್ಚಾಗಿ ನಡೆದದ್ದು ಎದುರಿನ ಕಾರು ಅಡ್ಡ ತಿರುಗಿದಾಗ. ನಮ್ಮ ರಸ್ತೆಗೆ ಹೇಳುವುದಾದರೆ, ಎದುರಿನಿಂದ ಬರುವವರು ಬಲಕ್ಕೆ ಅಥವಾ ಯೂ ಟರ್ನ್ ತಿರುಗುವ ಗಳಿಗೆ.

ನಾನು ಬಿದ್ದದ್ದೂ ಹಾಗೆಯೇ. ನೆಲಮಂಗಲ ದಾಟಿ ತುಮಕೂರು ಕಡೆ ಹೋಗುತ್ತಿದ್ದೆ. ಹಿಂದೆ ಒಂದು ಕೆಂಪು ಕಾರು, ಲೋ ಮಾಡಿಸಿದ್ದು, ಸದ್ದು ಜೋರು. ‘ಇವನು ಎಡದಿಂದ ನುಗ್ಗುತ್ತಾನೆ’ ಎಂದುಕೊಂಡು ಕನ್ನಡಿಯಲ್ಲಿ ಅವನನ್ನೇ ಕಾಯುತ್ತಿದ್ದೆ. ಮತ್ತೆ ಮುಂದೆ ನೋಡುವಷ್ಟರಲ್ಲಿ ಡಿವೈಡರ್ ನಡುವಿನ ತೆರಪಿನಿಂದ ಒಂದು ಬೆಳ್ಳಿ ಬಣ್ಣದ ಕಾರು ಅರ್ಧ ಹೊರಗೆ ಬಂದಾಗಿತ್ತು. ಓಡಿಸುತ್ತಿದ್ದವರು ನನ್ನ ವಯಸ್ಸಿನವರೇ, ಜತೆಯಲ್ಲಿ ಸಂಸಾರ. ಕಾಲರ್ ಬೋನ್ ಮುರಿಯಿತು, ಎರಡು ತಿಂಗಳು ತೋಳು ಜೋಲಿಯಲ್ಲಿತ್ತು. ಕೆಂಪು ಕಾರಿಗೂ ನನ್ನ ಪೆಟ್ಟಿಗೂ ಸಂಬಂಧವೇ ಇರಲಿಲ್ಲ. ನಮ್ಮಲ್ಲಿರುವುದು ಒಂದು ಜೊತೆ ಕಣ್ಣು. ಅನುಮಾನಕ್ಕೆ ಖರ್ಚು ಮಾಡಿದ ಆ ಎರಡು ಸೆಕೆಂಡು ನನಗೆ ಬೇರೆ ಕಡೆ ಬೇಕಿತ್ತು.

ಹಾಗೆಂದು ಹುಡುಗರ ಬಗೆಗಿನ ಮಾತೆಲ್ಲ ಸುಳ್ಳಲ್ಲ. ಹೊಸದಾಗಿ ಲೈಸೆನ್ಸ್ ಪಡೆದ ಹದಿಹರೆಯದವರಿಗೆ ಅಪಾಯ ಹೆಚ್ಚೆಂಬುದು ಹಲವು ದೇಶಗಳ ಅಂಕಿಅಂಶಗಳಲ್ಲಿ ಸ್ಪಷ್ಟ. ರಾತ್ರಿ ಹೊತ್ತು, ಪಕ್ಕದಲ್ಲಿ ಓರಗೆಯ ಗೆಳೆಯರು ಕೂತಿದ್ದಾಗ ಅದು ಇನ್ನೂ ಏರುತ್ತದೆ. ಆದರೆ ಆ ಅಪಾಯಕ್ಕೆ ಕಾರಣ ಅನುಭವದ ಕೊರತೆ, ವೇಗ ಮತ್ತು ಸಹವಾಸ. ಹಿಂದಿನ ರೆಕ್ಕೆ, ಅಂದರೆ ಸ್ಪಾಯ್ಲರ್ ಅಲ್ಲ, ಅಲಾಯ್ ಚಕ್ರವೂ ಅಲ್ಲ. ರಾತ್ರಿ ಹನ್ನೊಂದಕ್ಕೆ ಐದು ಹುಡುಗರು ತುಂಬಿದ ಕಾರು ಬಂದರೆ, ಅದು ಷೋರೂಮಿನಿಂದ ಬಂದ ಹಾಗೇ ಇದ್ದರೂ ದೂರ ಉಳಿಯಿರಿ. ಭಾನುವಾರ ಬೆಳಗ್ಗೆ ಒಬ್ಬನೇ ಕೂತು ಲೋ ಕಾರನ್ನು ಮೆಲ್ಲಗೆ ಓಡಿಸುವವನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಸಂಬಳದಲ್ಲಿ ಉಳಿಸಿ ಒಂದೊಂದೇ ಭಾಗ ಹಾಕಿಸಿಕೊಂಡವನು ಅದಕ್ಕೆ ಗೀರು ಬೀಳದಂತೆ ಓಡಿಸುವುದನ್ನು ಬೇಕಾದಷ್ಟು ನೋಡಿದ್ದೇನೆ.

ಅಂಥ ಕಾರಿನ ಹಿಂದೆ ಹೋಗುವಾಗ ಒಂದು ಸಂಗತಿ ನೆನಪಿರಲಿ. ತಳ ಉಜ್ಜುತ್ತದೆಂದು ಅವರು ಹಂಪಿನ ಮುಂದೆ ಪೂರ್ತಿ ನಿಲ್ಲಿಸುತ್ತಾರೆ, ಓರೆಯಾಗಿ ಹತ್ತಿಸುತ್ತಾರೆ, ಸಣ್ಣ ಗುಂಡಿಗೂ ಬ್ರೇಕ್ ಹಾಕುತ್ತಾರೆ. ಆ ಓರೆಯನ್ನು ಕಂಡು ಜಾಗ ಬಿಟ್ಟರೆಂದು ಎಡಬದಿಯಲ್ಲಿ ನುಗ್ಗುವ ಬೈಕಿನವರು ಸಿಕ್ಕಿಹಾಕಿಕೊಳ್ಳುತ್ತಾರೆ. ಯಾವ ಗಾಡಿಯೇ ಆಗಲಿ, ಮುಂದಿನ ಚಕ್ರ ನೋಡಿ. ಕಾರು ತಿರುಗುವ ಮೊದಲು ಚಕ್ರ ತಿರುಗುತ್ತದೆ. ಕಿಟಕಿಯೊಳಗೆ ಚಾಲಕನ ತಲೆ ಯಾವ ಕಡೆ ಹೊರಳಿತು, ಅದನ್ನೂ ನೋಡಿ.

ನಿಮ್ಮ ಅಕ್ಕನ ಮಗನ ವಿಷಯ: ಬೈಯುವ ಬದಲು ಜತೆಯಲ್ಲಿ ಕೂತು ಅವನು ಏನೇನು ಮಾಡಿಸುತ್ತಾನೆ ಎಂದು ಪಟ್ಟಿ ಮಾಡಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಅಕ್ರಮವಾಗಿ ಮಾಡಿಸಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಲ್ಲಕ್ಕಿಂತ ಮೊದಲು, ಸ್ಪ್ರಿಂಗ್ ಕತ್ತರಿಸಿ ಲೋ ಮಾಡಿಸಲು ಬಿಡಬೇಡಿ. ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಿಂದ ಕದಲಬಹುದು, ಗುಂಡಿಗೆ ಬಿದ್ದಾಗ ಕಾರು ಅವನ ಹಿಡಿತದಲ್ಲಿರುವುದಿಲ್ಲ.

ಪ್ರಶ್ನೆ: ನಾನು ಮಂಗಳೂರಿನವನು, 23 ವರ್ಷ, ಪೋಲೊ ಇದೆ. ಸ್ವಲ್ಪ ಲೋ ಮಾಡಿಸಿದ್ದೇನೆ, ಫ್ರೀ ಫ್ಲೋ ಎಕ್ಸಾಸ್ಟ್ (ಜೋರು ಸದ್ದಿನ ಸೈಲೆನ್ಸರ್), ಗಾಜಿಗೆ ಕಪ್ಪು ಫಿಲ್ಮ್, ಹಿಂದಿನ ಲೈಟಿಗೆ ಸ್ಮೋಕ್ ಶೀಟ್ (ಕಪ್ಪು ಛಾಯೆಯ ಹಾಳೆ) ಹಾಕಿಸಿದ್ದೇನೆ. ಹೈವೇಯಲ್ಲಿ 80 ದಾಟುವುದಿಲ್ಲ. ಆದರೂ ಸಿಗ್ನಲ್ಲಿನಲ್ಲಿ ಬೈಕಿನವರು ದುರುಗುಟ್ಟಿ ನೋಡುತ್ತಾರೆ. ಒಬ್ಬರು ಬಾನೆಟ್ ಬಡಿದು ಬೈದರು. ನಾನು ಮಾಡಿದ ತಪ್ಪೇನು?

ಉತ್ತರ: ಬಾನೆಟ್ ಬಡಿದದ್ದು ತಪ್ಪು. ಸವಾರರ ಪರವಾಗಿ ನಿಮ್ಮ ಕ್ಷಮೆ ಕೇಳುತ್ತೇನೆ. ಹೀಗೆ ಒಟ್ಟಾರೆಯಾಗಿ ಅಳೆಸಿಕೊಳ್ಳುವ ನೋವು ನಮಗೂ ಗೊತ್ತಿರಬೇಕಿತ್ತು. ಬೆಂಗಳೂರಿನ ನೈಸ್ ರಸ್ತೆಯಲ್ಲಿ 2022ರಿಂದ ರಾತ್ರಿ ಹೊತ್ತು ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದಲೂ ನಮ್ಮನ್ನು ಹೊರಗಿಟ್ಟರು. ವೀಲಿ ಮಾಡುವ ನಾಲ್ಕು ಹುಡುಗರನ್ನು ಕಂಡು ಬೈಕಿನವರೆಲ್ಲ ಪುಂಡರು ಎನ್ನುವವರಿದ್ದಾರೆ. ಬುಲೆಟ್ಟಿಗೆ ಜೋರು ಸದ್ದಿನ ಇಂದೋರಿ ಸೈಲೆನ್ಸರ್ ಹಾಕಿಸಿಕೊಂಡ ನಮ್ಮವರೇ ನಿಮ್ಮ ಎಕ್ಸಾಸ್ಟ್ ಸದ್ದಿಗೆ ರೇಗುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ.

ಆದರೆ ನಿಮ್ಮ ಪಟ್ಟಿಯಲ್ಲಿ ಎರಡು ವಸ್ತುಗಳಿವೆ, ಅವುಗಳ ಬಗ್ಗೆ ಸವಾರರ ಸಿಟ್ಟಿಗೆ ಆಧಾರವಿದೆ.

ಒಂದು ಕಪ್ಪು ಫಿಲ್ಮ್. ಮೇಲೆ ಹೇಳಿದ ಹಾಗೆ ನಾವು ಜಂಕ್ಷನ್ನಿನಲ್ಲಿ ಓದುವುದು ಚಾಲಕನ ತಲೆಯನ್ನು. ಅವನು ನನ್ನ ಕಡೆ ನೋಡಿದನೇ, ಕೈಯಲ್ಲಿ ಫೋನ್ ಇದೆಯೇ, ಇಷ್ಟು ತಿಳಿದರೆ ಮುಂದೆ ಹೋಗುವುದೋ ನಿಲ್ಲುವುದೋ ನಿರ್ಧರಿಸುತ್ತೇವೆ. ಕಪ್ಪು ಗಾಜು ಆ ಮಾತುಕತೆಯನ್ನೇ ಮುಚ್ಚುತ್ತದೆ. ಒಳಗಿರುವವನ ಮುಖ ಕಾಣದಿದ್ದರೆ ಎದುರಿನವರು ತಮ್ಮ ಭಯಕ್ಕೆ ತಕ್ಕ ಮುಖ ಕಲ್ಪಿಸಿಕೊಳ್ಳುತ್ತಾರೆ. ನಿಮಗೆ ಸಿಗುವ ದುರುಗುಟ್ಟುವ ನೋಟದ ಅರ್ಧ ಪಾಲು ಇಲ್ಲಿಂದಲೇ ಬರುತ್ತದೆ ಎಂದು ನನ್ನ ಅನಿಸಿಕೆ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. ಕಪ್ಪು ಫಿಲ್ಮ್ ವಿರುದ್ಧ ಸುಪ್ರೀಂ ಕೋರ್ಟ್ 2012ರಲ್ಲೇ ಆದೇಶ ಕೊಟ್ಟಿದೆ. ಕಿತ್ತುಹಾಕಿಸಿ.

ಎರಡು, ಆ ಸ್ಮೋಕ್ ಶೀಟ್. ಇದನ್ನು ಇವತ್ತೇ ತೆಗೆಸಿ. ನಿಮ್ಮ ಹಿಂದೆ ಬರುವ ಸವಾರ ಮಳೆಯಲ್ಲಿ, ನೀರು ಹನಿಯುವ ಹೆಲ್ಮೆಟ್ ವೈಸರ್ ಮೂಲಕ ನೋಡುತ್ತಿರುತ್ತಾನೆ. ಮಂಗಳೂರಿನ ಜುಲೈ ಮಳೆಯನ್ನು ನಾನು ನಿಮಗೆ ವರ್ಣಿಸಬೇಕಿಲ್ಲ. ನೀವು ಬ್ರೇಕ್ ಹಾಕಿದ್ದು ಅವನಿಗೆ ತಿಳಿಯುವುದು ಆ ಕೆಂಪು ಬೆಳಕಿನಿಂದ ಮಾತ್ರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅವನು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತಾನೆ. ಬೆಳಕು ಮಂಕಾಗಿ ಅರ್ಧ ಸೆಕೆಂಡ್ ತಡವಾದರೂ ಎಂಟು ಮೀಟರ್ ಹೋಯಿತು.

ಎಕ್ಸಾಸ್ಟ್ ಬಗ್ಗೆ ಉದ್ದ ಹೇಳುವುದಿಲ್ಲ. ಸದ್ದು ನಿಮಗೆ ಇಷ್ಟ, ಅದು ಅರ್ಥವಾಗುತ್ತದೆ. ಆದರೆ ಬೈಕಿನವರಿಗೂ ನಿಮಗೂ ನಡುವೆ ಗಾಜಿಲ್ಲ, ಅದು ಅವರ ಮೊಣಕಾಲಿನ ಪಕ್ಕದಲ್ಲೇ ಸಿಡಿಯುತ್ತದೆ. ಕಾನೂನೂ ಒಪ್ಪುವುದಿಲ್ಲ. ಮೂಲ ಸೈಲೆನ್ಸರ್ ಮತ್ತೆ ಹಾಕಿಸಿ. ಅದಾಗುವವರೆಗೆ ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಮುಟ್ಟಬೇಡಿ, ಕಿಟಕಿ ಇಳಿಸಿ ಕೂತಿರಿ. ಪಕ್ಕದಲ್ಲಿ ಬೈಕ್ ನಿಂತರೆ ತಲೆಯಾಡಿಸಿ. ‘ನೀವು ನನಗೆ ಕಂಡಿದ್ದೀರಿ’ ಎನ್ನುವ ಆ ಒಂದು ಸನ್ನೆಗಿಂತ ಹೆಚ್ಚಿನದನ್ನು ಯಾವ ಸವಾರನೂ ನಿಮ್ಮಿಂದ ಬಯಸುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುತ್ತೇನೆ. ಕಾರುಗಳಿಗೆ ಹೊರಗಿನಿಂದ ಹಾಕಿಸಿದ ಬಿಳಿ ಲೈಟ್ ಕಣ್ಣು ಕುಕ್ಕುತ್ತದೆ. ನಾನೂ ಅಂಥದ್ದೇ ಎಲ್‌ಇಡಿ ಬಲ್ಬ್ ಹಾಕಿಸಬಹುದೇ?

ಉತ್ತರ: ಬೇಡ. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನ ಒಳಗಿನ ಕನ್ನಡಿ, ಬಲ್ಬಿನ ತಂತಿ ಯಾವ ಜಾಗದಲ್ಲಿ ಉರಿಯುತ್ತದೋ ಅದಕ್ಕೆ ಹೊಂದುವಂತೆ ಬಾಗಿರುತ್ತದೆ. ಅಲ್ಲಿ ಬೇರೆ ಬಲ್ಬ್ ಕೂರಿಸಿದರೆ ಬೆಳಕು ರಸ್ತೆಗೆ ಬೀಳದೆ ಎಲ್ಲೆಡೆ ಚೆಲ್ಲುತ್ತದೆ. ಅವರು ನಿಮಗೆ ಮಾಡುತ್ತಿರುವುದನ್ನು ನೀವು ಎದುರಿನ ಇನ್ನೊಬ್ಬ ಸವಾರರಿಗೆ ಮಾಡಿದಂತಾಗುತ್ತದೆ. ಎದುರಿನ ಬೆಳಕನ್ನು ನೇರವಾಗಿ ನೋಡಬೇಡಿ, ರಸ್ತೆಯ ಎಡ ಅಂಚಿನ ಬಿಳಿ ಪಟ್ಟೆಯ ಮೇಲೆ ಕಣ್ಣಿಟ್ಟು ವೇಗ ಇಳಿಸಿ. ಹಿಂದಿನಿಂದ ಬೆಳಕು ಬಿದ್ದರೆ ಎಡಕ್ಕೆ ಸರಿದು ದಾರಿ ಕೊಡಿ. ಹೆಲ್ಮೆಟ್ಟಿನ ವೈಸರ್ ತೆಗೆದು ಬೀದಿದೀಪಕ್ಕೆ ಹಿಡಿದು ನೋಡಿ. ಅದರಲ್ಲಿ ಬಲೆಯಂಥ ಗೀರುಗಳು ಕಂಡರೆ, ಕಣ್ಣು ಕುಕ್ಕುವುದಕ್ಕೆ ಅವೂ ಕಾರಣ. ಹೊಸ ವೈಸರಿಗೆ ಹೆಚ್ಚು ದುಡ್ಡು ಬೇಕಿಲ್ಲ. ಬಣ್ಣದ್ದು ಬೇಡ, ತಿಳಿ ಗಾಜಿನಂಥದ್ದೇ ಕೇಳಿ ತನ್ನಿ.