ಡಿಸ್ಕ್ ತಾನಾಗಿಯೇ ರೀಡ್-ಓನ್ಲಿ ಆಗಿದ್ದರೆ ಬರೆಯಲು ಹೋಗಬೇಡಿ

ನಿನ್ನೆಯವರೆಗೆ ಸರಿಯಿದ್ದ ಫೈಲ್‌ಗಳೆಲ್ಲ ಇಂದು ರೀಡ್-ಓನ್ಲಿ, ಅಂದರೆ ಓದಲಷ್ಟೇ ಬರುವಂಥವು, ಆಗಿವೆ, ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಸಿಎಚ್‌ಮಾಡ್ 777 ಆದೇಶ ಕೊಟ್ಟರೂ ಬಗ್ಗುತ್ತಿಲ್ಲ, ಬಲವಂತವಾಗಿ ಬರೆಯುವ ದಾರಿ ಯಾವುದು ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದು ನಾನೂ ಒಂದು ರಾತ್ರಿಯಿಡೀ ಕುಳಿತಿದ್ದೆ.

ನನ್ನ ಲಿನಕ್ಸ್ ಯಂತ್ರದ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ತಂದೆಯವರ ಧ್ವನಿಮುದ್ರಣಗಳಿದ್ದವು. ಒಂದು ಫೈಲಿನ ಹೆಸರು ತಿದ್ದಲು ಹೋದಾಗ "ರೀಡ್-ಓನ್ಲಿ ಫೈಲ್ ಸಿಸ್ಟಮ್" ಎಂಬ ಸಂದೇಶ ಬಂತು. ಅನುಮತಿಯ ತೊಡಕಾಗಿದ್ದರೆ "ಪರ್ಮಿಷನ್ ಡಿನೈಡ್" ಎಂದು ಬರುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸದೇ ಹೋದದ್ದೇ ನನಗೆ ಮುಳುವಾಯಿತು. ಲಿನಕ್ಸ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ತನ್ನ ಜರ್ನಲ್‌ಗೆ, ಅಂದರೆ ಬದಲಾವಣೆಗಳನ್ನು ಮೊದಲು ಗುರುತಿಟ್ಟುಕೊಳ್ಳುವ ದಾಖಲೆಗೆ, ಬರೆಯಲಾಗದೆ ಹೋದಾಗ, ಇನ್ನಷ್ಟು ಹಾನಿಯಾಗದಿರಲೆಂದು ಲಿನಕ್ಸ್‌ನ ತಿರುಳಾದ ಕರ್ನೆಲ್ ತಾನೇ ಬರೆಯುವುದನ್ನು ನಿಲ್ಲಿಸುತ್ತದೆ. ಅಂದರೆ ಆ ಬೀಗ ಹಾಕಿದ್ದು ನನ್ನ ಫೈಲ್‌ಗಳನ್ನು ಉಳಿಸುವುದಕ್ಕೆ, ನಾನೋ ಅದನ್ನು ಒಡೆಯಲು ಹೊರಟಿದ್ದೆ.

ಡಿಸ್ಕನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ಪ್ರತಿ ತೆಗೆಯದೆ, ಫೈಲ್ ಸಿಸ್ಟಮ್ ಪರೀಕ್ಷಿಸಿ ದುರಸ್ತಿ ಮಾಡುವ ಎಫ್‌ಎಸ್‌ಸಿಕೆಯನ್ನು -ವೈ ಆಯ್ಕೆಯೊಂದಿಗೆ ಓಡಿಸಿದೆ. ಹಾಗೆಂದರೆ ಅದು ಕೇಳುವ ಪ್ರತಿಯೊಂದು ಪ್ರಶ್ನೆಗೂ ಮುಂಚಿತವಾಗಿಯೇ ಹೌದು ಎಂದು ಒಪ್ಪಿಕೊಂಡಂತೆ. ಓದಲಾಗದ ಬ್ಲಾಕ್ ಎದುರಾದಾಗಲೆಲ್ಲ ಅದರ ಮೇಲೆ ಬಲವಂತವಾಗಿ ಬರೆಯಲೇ ಎಂದು ಕೇಳಿ, ನನ್ನ ಪರವಾಗಿ ತಾನೇ ಒಪ್ಪಿ, ಬರೆಯುತ್ತ ಹೋಯಿತು. ಬೆಳಗಾಗುವಾಗ, ದುರಸ್ತಿಯಲ್ಲಿ ಸಿಕ್ಕ ಅನಾಥ ಫೈಲ್‌ಗಳನ್ನು ಹಾಕುವ ಲಾಸ್ಟ್+ಫೌಂಡ್ ಫೋಲ್ಡರಿನಲ್ಲಿ ಹೆಸರು ಕಳೆದುಕೊಂಡ ಫೈಲ್‌ಗಳು, # ಗುರುತಿನ ಮುಂದೆ ಐನೋಡ್ ಸಂಖ್ಯೆಯೊಂದನ್ನೇ (ಫೈಲ್ ಸಿಸ್ಟಮ್ ಒಳಗೊಳಗೇ ಫೈಲಿಗೆ ಕೊಡುವ ಸಂಖ್ಯೆ) ಹೊತ್ತು ಸಾಲಾಗಿ ಬಿದ್ದಿದ್ದವು. ಒಂದನ್ನು ತೆರೆದೆ. ತಂದೆಯವರು ಕೆಮ್ಮಿ, ಗಂಟಲು ಸರಿಪಡಿಸಿಕೊಂಡು, ಮಾತಿಗೆ ತೊಡಗುವಷ್ಟರಲ್ಲಿ ಧ್ವನಿ ನಿಂತುಹೋಯಿತು. ಹಿಂದಿನ ಸಂಜೆ, ಡಿಸ್ಕ್ ರೀಡ್-ಓನ್ಲಿ ಆಗಿದ್ದಾಗ, ಅದೇ ಧ್ವನಿಯನ್ನು ಪೂರ್ತಿ ಕೇಳಿದ್ದೆ.

ಆದ್ದರಿಂದ ನೀವು ಕೇಳಿದ ದಾರಿಯನ್ನು ನಾನು ಹೇಳುವುದಿಲ್ಲ. ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ (dmesg) ಆದೇಶ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಅಲ್ಲಿ ಐ/ಓ ಎರರ್, ಅಂದರೆ ಓದುವ-ಬರೆಯುವ ದೋಷ, ಕಂಡರೆ ತೊಂದರೆ ಡಿಸ್ಕ್‌ನದ್ದೋ ಕೇಬಲ್‌ನದ್ದೋ ಆಗಿರುತ್ತದೆ, ಅನುಮತಿಗಳದ್ದಲ್ಲ. ವಿಂಡೋಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ವಿಭಾಗವಾಗಿದ್ದರೆ, ಬೇಗ ಶುರುವಾಗಲೆಂದು ಪೂರ್ತಿ ಶಟ್‌ಡೌನ್ ಆಗದೇ ಉಳಿಯುವ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣವಿರಬಹುದು. ಅದನ್ನು ನಿಲ್ಲಿಸಿ ಪೂರ್ತಿ ಶಟ್‌ಡೌನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಜವಾಗಿಯೂ ಅನುಮತಿಯದೇ ಸಮಸ್ಯೆಯಾಗಿದ್ದರೂ 777 ಪರಿಹಾರವಲ್ಲ, ಫೈಲಿನ ಒಡೆತನವನ್ನು ಸರಿಪಡಿಸಬೇಕು.

ಐ/ಓ ಎರರ್ ಇದ್ದರೆ ಕೆಡುತ್ತಿರುವ ಡಿಸ್ಕ್‌ನಿಂದಲೂ ಓದಲಾಗುವಷ್ಟನ್ನು ನಕಲಿಸುವ ಡಿಡಿರೆಸ್ಕ್ಯೂ ಎಂಬ ಸಾಧನವನ್ನು ಇಂದೇ ಬಳಸಿ ಇಡೀ ಡಿಸ್ಕ್‌ನ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆಯಿರಿ. ಎಫ್‌ಎಸ್‌ಸಿಕೆ ಓಡಿಸುವುದೇನಿದ್ದರೂ ಆ ಪ್ರತಿಯ ಮೇಲೆ. ಮೂಲ ಡಿಸ್ಕನ್ನು ಕಳಚಿ ಪಕ್ಕಕ್ಕಿಡಿ.