ಜಲ್ಲಿ, ಅಂಕಪಟ್ಟಿ, ತೋಟದ ಮಣ್ಣು

ಮಾನ್ಯರೇ,

ಮನೆ ಕಟ್ಟಿಸುತ್ತಿರುವ ತಮಗೆ ಎಂಜಿನಿಯರರು ಕೊಟ್ಟ ಅಂದಾಜುಪಟ್ಟಿಯಲ್ಲಿ ‘ಅಗ್ರಿಗೇಟ್’ ಎಂದಿದೆ, ಮಗಳ ಅಂಕಪಟ್ಟಿಯಲ್ಲೂ ಅದೇ ಇದೆ, ನಮ್ಮ ಕೃಷಿ ಲೇಖನವೊಂದರಲ್ಲೂ ಅದೇ ಬಂತು. ಎಲ್ಲೆಡೆ ‘ಸಮುಚ್ಚಯ’ ಎಂದು ಬರೆದರೆ ಸಾಲದೇ ಎಂದು ಮಣಿಪಾಲದಿಂದ ಕೇಳಿದ್ದೀರಿ. ಸಾಲದು ಎಂದೇ ನನ್ನ ಅಭಿಪ್ರಾಯ. ಬಿಡಿಯಾದವು ಒಂದುಗೂಡುವುದು ಮೂರರಲ್ಲೂ ಇದೆಯಾದರೂ, ಕೂಡಿದ ಮೇಲೆ ಆ ಬಿಡಿಗಳ ಗತಿ ಒಂದೊಂದು ಕಡೆ ಒಂದೊಂದು ಬಗೆ.

ಅಂಕಪಟ್ಟಿಯ ಮೊತ್ತದಲ್ಲಿ ಬಿಡಿ ಅಂಕಗಳು ಕರಗಿಹೋಗುತ್ತವೆ. ಮೊತ್ತವೊಂದನ್ನೇ ನೋಡಿ ಗಣಿತದಲ್ಲಿ ಎಷ್ಟು ಬಂತೆಂದು ಹೇಳಲಾಗದು. ಅರ್ಥಶಾಸ್ತ್ರದಲ್ಲಿ ‘ಅಗ್ರಿಗೇಟ್ ಡಿಮ್ಯಾಂಡ್’ ಎನ್ನುವ ‘ಒಟ್ಟು ಬೇಡಿಕೆ’ಯೂ ಮೊತ್ತವೇ.

ಕಟ್ಟಡದಲ್ಲಿ ಹಾಗಲ್ಲ; ಅಲ್ಲಿ ಅಗ್ರಿಗೇಟ್ ಎಂದರೆ ಜಲ್ಲಿ ಮತ್ತು ಹೊಯಿಗೆ (ಮರಳು). ಕಾಂಕ್ರೀಟಿನ ಗಾತ್ರದಲ್ಲಿ ಸುಮಾರು 60ರಿಂದ 75 ಶೇಕಡಾ ಪಾಲು ಜಲ್ಲಿ ಮತ್ತು ಹೊಯಿಗೆಯದ್ದು, 4.75 ಮಿಲಿಮೀಟರ್ ಜರಡಿಯಲ್ಲಿ ಉಳಿದದ್ದು ಜಲ್ಲಿ, ಇಳಿದದ್ದು ಹೊಯಿಗೆ. ಸಿಮೆಂಟು ಅವನ್ನು ಬಂಧಿಸುತ್ತದೆಯೇ ಹೊರತು ಕಲ್ಲು ಕಲ್ಲಾಗಿಯೇ ಉಳಿಯುತ್ತದೆ, ತನ್ನ ಗುಣದೋಷಗಳನ್ನೂ ಉಳಿಸಿಕೊಳ್ಳುತ್ತದೆ. ಕಡಲತಡಿಯ ಉಪ್ಪು ಹೊಯಿಗೆಯನ್ನು ತೊಳೆಯದೆ ಬಳಸಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ತಾರಸಿ ಸೀಳುವುದು ಇದೇ ಕಾರಣಕ್ಕೆ. ತಾವು ಈ ವಿಚಾರದಲ್ಲಿ ದಯವಿಟ್ಟು ಎಚ್ಚರ ವಹಿಸಬೇಕು.

ಮಣ್ಣಿನ ಸಂಗತಿ ಇವೆರಡಕ್ಕಿಂತ ಸೂಕ್ಷ್ಮವಾದುದು. ಜೇಡಿ, ಮರಳು, ಕೊಳೆತ ಸೊಪ್ಪಿನ ಅಂಶ ಇವುಗಳನ್ನು ಬೇರುಗಳೂ ಶಿಲೀಂಧ್ರದ ಎಳೆಗಳೂ ಸೂಕ್ಷ್ಮಾಣುಗಳು ಸ್ರವಿಸುವ ಅಂಟೂ ಸೇರಿ ಸಣ್ಣ ಸಣ್ಣ ಹರಳುಗಳನ್ನಾಗಿ ಕಟ್ಟುತ್ತವೆ; ಮಣ್ಣಿನ ಅಗ್ರಿಗೇಟ್ ಎಂದರೆ ಈ ಹರಳುಗಳೇ. ನಮ್ಮ ಮುರಕಲ್ಲು ಪ್ರದೇಶದ ಕೆಂಪುಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಕೂಡ ಈ ಕೆಲಸ ಮಾಡುತ್ತದೆ. ಇಲ್ಲಿ ಬೆಲೆಯಿರುವುದು ಕಣಗಳಿಗಷ್ಟೇ ಅಲ್ಲ, ಹರಳುಗಳ ನಡುವಿನ ಸಂದುಗಳಿಗೂ. ನೀರು ಇಂಗುವುದೂ ಬೇರು ಉಸಿರಾಡುವುದೂ ಆ ಸಂದುಗಳಲ್ಲೇ. ಆಟಿ ತಿಂಗಳ ಮಳೆಹನಿ ಬರಿನೆಲಕ್ಕೆ ಬಡಿದಾಗ ಹರಳುಗಳು ಒಡೆದು, ಪುಡಿ ಸಂದುಗಳನ್ನು ಮುಚ್ಚಿ, ಇಂಗಬೇಕಾದ ನೀರು ಮಣ್ಣನ್ನೇ ಹೊತ್ತು ತೋಡಿಗೆ ಇಳಿಯುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು ಹಾಸುವ ನಮ್ಮ ಹಿರಿಯರ ಕ್ರಮ ಗೊಬ್ಬರ ಕೊಡುವುದರ ಜೊತೆಗೆ ಹನಿಯ ಹೊಡೆತವನ್ನೂ ತಡೆಯುತ್ತದೆ. ಆ ಕ್ರಮವನ್ನು ಕೈಬಿಡುತ್ತಿರುವ ತೋಟಗಳನ್ನು ಕಂಡಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ.

ಸಸ್ಯಶಾಸ್ತ್ರದಲ್ಲಿ ಸೀತಾಫಲವೂ ಅಗ್ರಿಗೇಟ್ ಹಣ್ಣೇ, ಏಕೆಂದರೆ ಒಂದೇ ಹೂವಿನ ಹಲವು ಅಂಡಾಶಯಗಳು ಸೇರಿ ಅದಾಗುತ್ತದೆ; ಹಲಸು ಹಾಗಲ್ಲ, ಹಲವು ಹೂಗಳು ಸೇರಿ ಆದದ್ದು.

ಆದ್ದರಿಂದ ನಮ್ಮ ಪತ್ರಿಕೆಯಲ್ಲಿ ಕಟ್ಟಡದ ಬರಹಗಳಿಗೆ ‘ಜಲ್ಲಿ, ಹೊಯಿಗೆ’, ಅಂಕಗಳಿಗೆ ‘ಒಟ್ಟು’, ಕೃಷಿ ಬರಹಗಳಿಗೆ ‘ಮಣ್ಣಿನ ಹರಳು’ ಎಂದೇ ಬಳಸುತ್ತೇವೆ. ತಮ್ಮ ಕಡೆಯ ಕೃಷಿಕರು ಕೊನೆಯದಕ್ಕೆ ಬೇರೆ ಹೆಸರು ಹೇಳುವುದಿದ್ದರೆ ದಯವಿಟ್ಟು ಬರೆದು ತಿಳಿಸಿ.

— ಸಂಪಾದಕ